ಹೇಲ್ ನೇವಿಯೋ ನೇವಲ್ಲೋ: ಬೆಂಗಳೂರಿನ ಗೋಡೆಯ ಮೇಲೆ ಎರಡು ಕಡುನೀಲಿ

ಮನೆಗೆ ಕಡುನೀಲಿ ಬಳಿಸಬೇಕೆಂದು ಹುಡುಕಲು ಕೂತವರ ಫೋನಿನಲ್ಲಿ ಕೊನೆಗೆ ಉಳಿಯುವುದು ಹೆಚ್ಚಾಗಿ ಎರಡೇ ಹೆಸರು. ಒಂದು ಬೆಂಜಮಿನ್ ಮೂರ್ ಕಂಪನಿಯ ಹೇಲ್ ನೇವಿ, ಕೋಡ್ ಎಚ್‌ಸಿ-154. ಇನ್ನೊಂದು ಶೆರ್ವಿನ್ ವಿಲಿಯಮ್ಸ್‌ನ ನೇವಲ್, ಕೋಡ್ ಎಸ್‌ಡಬ್ಲ್ಯು 6244. ಎರಡೂ ಅಮೆರಿಕದವು. ನೇವಲ್ ಅನ್ನು ಅದರ ಕಂಪನಿ 2020ರ ವರ್ಷದ ಬಣ್ಣವೆಂದು ಆರಿಸಿದ್ದರಿಂದ ಅದರ ಚಿತ್ರಗಳು ಎಲ್ಲೆಡೆ ಹರಡಿದವು. ಹೇಲ್ ನೇವಿ ಅದಕ್ಕೂ ಹಿಂದಿನಿಂದ ಬಳಕೆಯಲ್ಲಿದೆ. ಫೋನಿನ ಪರದೆಯಲ್ಲಿ ಇವೆರಡನ್ನು ಬೇರ್ಪಡಿಸಿ ಹೇಳುವುದು ಕಷ್ಟ. ಗೋಡೆಗೆ ಬಂದಾಗ ಮಾತ್ರ ದಾರಿ ಬೇರೆಯಾಗುತ್ತದೆ, ಅದೂ ಗೋಡೆಯ ಮೇಲೆ ಎಂಥ ಬೆಳಕು ಬೀಳುತ್ತದೆ ಅನ್ನುವುದರ ಮೇಲೆ.

ಮೊದಲು ಎರಡರ ನಡುವಿನ ನಿಜವಾದ ವ್ಯತ್ಯಾಸ ತಿಳಿದುಕೊಳ್ಳೋಣ. ನೀಲಿಯ ಬಗೆಯಲ್ಲಿ ಇವೆರಡೂ ಹೆಚ್ಚುಕಡಿಮೆ ಒಂದೇ. ಒಂದು ನೇರಳೆಯತ್ತ, ಇನ್ನೊಂದು ಹಸಿರಿನತ್ತ ಎಂದು ಹೇಳುವಷ್ಟು ದೂರ ಇಲ್ಲ. ವ್ಯತ್ಯಾಸ ಇರುವುದು ಬೂದಿಯಲ್ಲಿ ಮತ್ತು ಆಳದಲ್ಲಿ. ಹೇಲ್ ನೇವಿಯಲ್ಲಿ ಬೂದಿ ಹೆಚ್ಚು, ಆಳ ತುಸು ಕಡಿಮೆ. ನೇವಲ್‌ನಲ್ಲಿ ನೀಲಿ ಹೆಚ್ಚು, ಆಳವೂ ಹೆಚ್ಚು. ಬಣ್ಣ ಎಷ್ಟು ಬೆಳಕನ್ನು ಹಿಂದಕ್ಕೆ ಕೊಡುತ್ತದೆ ಎಂಬುದನ್ನು ಎಲ್‌ಆರ್‌ವಿ ಎಂಬ ಅಳತೆಯಲ್ಲಿ ಹೇಳುತ್ತಾರೆ: ಕಪ್ಪಿಗೆ 0, ಬಿಳಿಗೆ 100. ನೇವಲ್‌ನದು 4. ಹೇಲ್ ನೇವಿ ಅದಕ್ಕಿಂತ ಸ್ವಲ್ಪ ಮೇಲಿದ್ದರೂ 10ರ ಒಳಗೇ ಇದೆ. ಅಂದರೆ ಯಾವುದನ್ನೇ ಬಳಿದರೂ ಆ ಗೋಡೆಯಿಂದ ಕೋಣೆಗೆ ಬೆಳಕು ವಾಪಸ್ ಬರುವುದಿಲ್ಲ ಎಂದೇ ಲೆಕ್ಕ ಹಾಕಬೇಕು.

ಇಷ್ಟು ಓದಿದವರು ಸಾಮಾನ್ಯವಾಗಿ, ಬೆಳಕು ಕಡಿಮೆ ಇರುವ ಕೋಣೆಗೆ ತಿಳಿಯಾದ ಹೇಲ್ ನೇವಿಯೇ ಸರಿ ಎಂದುಕೊಳ್ಳುತ್ತಾರೆ. ಎರಡೂ ಬಣ್ಣವನ್ನು ಹಲಗೆಗಳಿಗೆ ಬಳಿದು ಬೇರೆ ಬೇರೆ ಕೋಣೆಗಳಲ್ಲಿ ನಿಲ್ಲಿಸಿ ನೋಡಿದಾಗ ನಮಗೆ ಕಂಡದ್ದು ಇದಕ್ಕೆ ತದ್ವಿರುದ್ಧ. ಬೆಳಕು ಇಳಿದಂತೆ ಹೇಲ್ ನೇವಿಯಲ್ಲಿ ಮೊದಲು ಮಾಯವಾಗುವುದು ನೀಲಿ. ಉಳಿಯುವುದು ಇದ್ದಿಲಿನಂಥ ಬೂದಿ. ಪಕ್ಕದ ಮನೆಯ ಗೋಡೆ ಮೂರಡಿ ದೂರದಲ್ಲಿರುವ 30/40 ಸೈಟಿನ ಮನೆಯ ನೆಲಮಹಡಿಯಲ್ಲಿ, ಹಗಲಲ್ಲೂ ಲೈಟ್ ಹಾಕಬೇಕಾದ ಕೋಣೆಯಲ್ಲಿ, ಹೇಲ್ ನೇವಿ ಬಳಿದ ಗೋಡೆಯನ್ನು ನೋಡಿ ಯಾರೂ ನೀಲಿ ಎನ್ನುವುದಿಲ್ಲ. ನೇವಲ್ ಅದೇ ಜಾಗದಲ್ಲಿ ಇನ್ನೂ ಕಪ್ಪಾಗುತ್ತದೆ, ನಿಜ. ಆದರೆ ಆ ಕಪ್ಪಿನೊಳಗೆ ನೀಲಿ ಕಾಣುತ್ತಲೇ ಇರುತ್ತದೆ. ಕತ್ತಲ ಕೋಣೆಗೆ ಕಡುನೀಲಿ ಬೇಕೇ ಬೇಕು ಎಂದಾದರೆ ನೇವಲ್. ಪೂರ್ವಕ್ಕೋ ಪಶ್ಚಿಮಕ್ಕೋ ದೊಡ್ಡ ಕಿಟಕಿ, ಬಾಲ್ಕನಿ ಇರುವ ಎತ್ತರದ ಅಪಾರ್ಟ್‌ಮೆಂಟಿನ ಹಾಲಿಗೆ ಹೇಲ್ ನೇವಿ. ಅಲ್ಲಿ ಬೆಳಕು ಧಾರಾಳವಾಗಿ ಸಿಗುವುದರಿಂದ ಅದರ ನೀಲಿ ಮೇಲೆ ಬರುತ್ತದೆ, ಬೂದಿ ಅದನ್ನು ಹದದಲ್ಲಿಡುತ್ತದೆ. ಅದೇ ಹಾಲಿನಲ್ಲಿ ನೇವಲ್ ಮಧ್ಯಾಹ್ನದ ಹೊತ್ತಿಗೆ ಶಾಲೆಯ ಯೂನಿಫಾರಂ ನೀಲಿಯಷ್ಟು ಗಟ್ಟಿಯಾಗಿ ಎದ್ದು ನಿಲ್ಲುತ್ತದೆ. ಕೆಲವರಿಗೆ ಅದೇ ಬೇಕಿರುತ್ತದೆ. ಹಾಗಿದ್ದವರು ಹಿಂಜರಿಯದೆ ನೇವಲ್ ತೆಗೆದುಕೊಳ್ಳಬಹುದು.

ಉತ್ತರದ ಕೋಣೆ ತಂಪು ಬೆಳಕಿನದು, ಅಲ್ಲಿಗೆ ನೀಲಿ ಬೇಡ ಎಂಬ ಸಲಹೆ ಅಮೆರಿಕ, ಇಂಗ್ಲೆಂಡಿನ ಪುಟಗಳಲ್ಲಿ ಮೇಲಿಂದ ಮೇಲೆ ಸಿಗುತ್ತದೆ. ಅದನ್ನು ಇಲ್ಲಿಗೆ ಹಾಗೇ ತರಬೇಡಿ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ. ಏಪ್ರಿಲ್ ಕೊನೆಯ ವಾರದ ಶುರುವಿನಲ್ಲಿ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಈ ಎರಡರ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಆ ಬಿಸಿಲನ್ನು ಸಜ್ಜಾ ತಡೆಯುತ್ತದೆ, ಆದರೆ ಮೇ, ಜೂನ್‌ನಲ್ಲಿ ಬೆಳಗ್ಗೆ ಮತ್ತು ಸಂಜೆಯ ಓರೆ ಬಿಸಿಲು ಉತ್ತರದ ಕಿಟಕಿಯಿಂದಲೂ ಒಳಗೆ ಬರುತ್ತದೆ. ಡಿಸೆಂಬರಿನಲ್ಲಿ ದಕ್ಷಿಣದ ಕಿಟಕಿಯ ಸರದಿ. ಹಾಗಾಗಿ ಇಲ್ಲಿ ದಿಕ್ಕಿಗಿಂತ ಮುಖ್ಯವಾದದ್ದು ಕಿಟಕಿಯ ಎದುರು ಏನಿದೆ ಎಂಬುದು. ಎದುರು ಮನೆಯವರು ಕಿತ್ತಳೆ ಬಳಿಸಿದ್ದರೆ ಆ ಬೆಳಕೇ ನಿಮ್ಮ ಗೋಡೆಗೆ ಬಂದು ಬೀಳುತ್ತದೆ. ಅದು ಹೇಲ್ ನೇವಿಯನ್ನು ಕಂದು ಮಿಶ್ರಿತ ಬೂದಿ ಮಾಡುತ್ತದೆ. ನೇವಲ್ ಅಷ್ಟು ಬೇಗ ಬಗ್ಗುವುದಿಲ್ಲ. ಕಿಟಕಿಯ ಹೊರಗೆ ಮಳೆಮರವೋ ಹೊಂಗೆಯೋ ಇದ್ದರೆ ಒಳಗೆ ಬರುವುದು ಹಸಿರು ಬೆಳಕು. ಆಗ ಎರಡೂ ಸ್ವಲ್ಪ ನವಿಲುನೀಲಿಯತ್ತ ವಾಲುತ್ತವೆ, ನೇವಲ್ ಇನ್ನೂ ಹೆಚ್ಚು. ಜುಲೈ, ಆಗಸ್ಟ್‌ನಲ್ಲಿ ದಿನವಿಡೀ ಮೋಡ ಕವಿದ ಆಕಾಶಕ್ಕೆ ಹೇಲ್ ನೇವಿ ಮಂಕಾಗುತ್ತದೆ. ಕಡುನೀಲಿಯನ್ನು ಬೇಸಿಗೆಯಲ್ಲಷ್ಟೇ ನೋಡಿ ಆರಿಸುವುದು ಅಪೂರ್ಣ ಪರೀಕ್ಷೆ.

ರಾತ್ರಿಯ ಬೆಳಕಿನ ಬಗ್ಗೆ ಬೇರೆಯೇ ಹೇಳಬೇಕು, ಏಕೆಂದರೆ ಕೆಲಸಕ್ಕೆ ಹೋಗುವವರ ಮನೆಯಲ್ಲಿ ಗೋಡೆ ನೋಡುವ ಹೊತ್ತು ಅದೇ. ನಮ್ಮಲ್ಲಿ ಬಹಳ ಮನೆಗಳಲ್ಲಿ ಇರುವುದು 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಬ್ಯಾಟನ್ ಅಥವಾ ಪ್ಯಾನೆಲ್. ಅದರ ಕೆಳಗೆ ಎರಡೂ ಬಣ್ಣ ಹಗಲಿನ ಮೋಡದ ಬೆಳಕಿನಲ್ಲಿ ಕಂಡಂತೆಯೇ ಕಾಣುತ್ತವೆ, ನೇವಲ್ ಸ್ವಲ್ಪ ಚುರುಕಾಗಿ, ಹೇಲ್ ನೇವಿ ಸ್ವಲ್ಪ ಕಬ್ಬಿಣದ ಹಾಗೆ. 3000 ಕೆಲ್ವಿನ್‌ನ ಹಳದಿ ಬೆಳಕಿಗೆ ಬಂದರೆ ನೇವಲ್ ಹಸಿರು ಛಾಯೆ ತೋರಿಸಿ ಕಪ್ಪಿನತ್ತ ಜಾರುತ್ತದೆ, ಹೇಲ್ ನೇವಿ ಬೆಚ್ಚಗಿನ ಇದ್ದಿಲ ಬಣ್ಣವಾಗುತ್ತದೆ. ಸೀಲಿಂಗಿನಲ್ಲಿ ಹಳದಿ ಸ್ಟ್ರಿಪ್ ಲೈಟ್ ಹಾಕಿಸಿ ಗೋಡೆ ನೀಲಿ ಕಾಣಬೇಕು ಎಂದರೆ ಆಗದು. ನಡುವಿನ 4000 ಕೆಲ್ವಿನ್, ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬ ಅಳತೆ, ಗರಿಷ್ಠ 100) 90ಕ್ಕಿಂತ ಹೆಚ್ಚಿರುವ ಬಲ್ಬ್ ಹಾಕಿದರೆ ಎರಡೂ ತಮ್ಮ ಬಣ್ಣ ಉಳಿಸಿಕೊಳ್ಳುತ್ತವೆ. ಬಲ್ಬಿನ ಡಬ್ಬದ ಮೇಲೆ ಸಿಆರ್‌ಐ ಬರೆದಿಲ್ಲದಿದ್ದರೆ ಅದು 80ರ ಸುಮಾರಿನದು ಎಂದುಕೊಳ್ಳಬಹುದು.

ನೆಲ, ಬಾಗಿಲುಗಳ ಜೊತೆ ಹೇಗೆ? ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ, ತೇಗದ ಬಾಗಿಲುವಾಡಗಳ ಜೊತೆ ನೇವಲ್ ಬಹಳ ಚೆನ್ನಾಗಿ ಹೊಂದುತ್ತದೆ. ಕೆಂಪು ಕಂದಿನ ಎದುರು ನಿಲ್ಲಲು ಬೇಕಾದಷ್ಟು ನೀಲಿ ಅದರಲ್ಲಿದೆ. ಹಿತ್ತಾಳೆ ದೀಪ, ಗಂಟೆ, ಹಿಡಿಗಳಿಗೂ ಅದೇ ಸರಿ. ಹೊಸ ಮನೆಗಳ ಐವರಿ ವಿಟ್ರಿಫೈಡ್ ಟೈಲ್ಸ್‌ನಲ್ಲಿ ಹಳದಿಯ ಅಂಶ ಇರುತ್ತದೆ, ಅದರ ಪಕ್ಕ ಯಾವ ನೀಲಿಯೂ ಇನ್ನಷ್ಟು ನೀಲಿಯಾಗಿ ಕಾಣುತ್ತದೆ. ಅಲ್ಲಿ ಹೇಲ್ ನೇವಿಯ ಬೂದಿ ಅನುಕೂಲ. ಬೂದಿ ಗೆರೆಗಳ ಬಿಳಿ ಟೈಲ್ಸ್, ಸಾದರಹಳ್ಳಿ ಕಲ್ಲು, ಸ್ಟೀಲ್ ರೇಲಿಂಗ್ ಇವೆಲ್ಲ ಇರುವ ಮನೆಗೆ ಹೇಲ್ ನೇವಿ ತಂದರೆ ಬೂದಿಯ ಮೇಲೆ ಬೂದಿ ಕೂಡಿ ಮನೆ ನಿಸ್ತೇಜವಾಗುತ್ತದೆ. ಟಿವಿ ಹಿಂದಿನ ಗೋಡೆಗೆ ಎರಡೂ ಒಂದೇ: ಮ್ಯಾಟ್ ಇದ್ದರೆ ಸಾಕು, ಟಿವಿಯ ಕಪ್ಪು ಚೌಕ ಗೋಡೆಯಲ್ಲಿ ಬೆರೆತುಹೋಗುತ್ತದೆ.

ಈಗ ಅಂಗಡಿಯ ವಿಷಯ. ಎಡವಟ್ಟುಗಳು ಹೆಚ್ಚು ಆಗುವುದು ಇಲ್ಲೇ. ಬಡಾವಣೆಯ ಪೇಂಟ್ ಅಂಗಡಿಯಲ್ಲಿ ಸಿಗುವುದು ಏಷ್ಯನ್, ಬರ್ಜರ್, ನೆರೋಲ್ಯಾಕ್, ಡ್ಯೂಲಕ್ಸ್‌ಗಳ ಟಿಂಟಿಂಗ್ ಮಷೀನ್. ಅಮೆರಿಕದ ಶೇಡ್ ಬೇಕೆಂದರೆ ಇವರ ಬೇಸ್ (ಬಣ್ಣ ಬೆರೆಸದ ಮೂಲ ಪೇಂಟ್) ಮತ್ತು ಇವರ ಕಲರೆಂಟ್‌ಗಳಲ್ಲೇ (ಅದಕ್ಕೆ ಬೆರೆಸುವ ಬಣ್ಣಗಳು) ಹೊಂದಿಸಬೇಕು. ಫೋನಿನ ಚಿತ್ರ ತೋರಿಸಿ ಹೊಂದಿಸಿದ ಬಣ್ಣ ಹೇಲ್ ನೇವಿಯೂ ಆಗಿರುವುದಿಲ್ಲ, ನೇವಲ್ಲೂ ಆಗಿರುವುದಿಲ್ಲ. ಅಸಲಿ ಶೇಡ್ ಚಿಪ್ಪನ್ನೇ, ಅಂದರೆ ಕಂಪನಿಯ ಬಣ್ಣದ ಮಾದರಿ ಕಾಗದವನ್ನೇ, ತರಿಸಿಕೊಳ್ಳಿ, ಅಮೆರಿಕದಲ್ಲಿರುವ ನೆಂಟರು ಲಕೋಟೆಯಲ್ಲಿ ಹಾಕಿ ತಂದುಕೊಟ್ಟರೂ ಸಾಕು. ಬಣ್ಣ ಅಳೆಯುವ ಯಂತ್ರ, ಸ್ಪೆಕ್ಟ್ರೋಫೋಟೋಮೀಟರ್, ಇರುವ ಅಂಗಡಿಗೇ ಹೋಗಿ. ಯಂತ್ರ ಚಿಪ್ಪನ್ನು ಓದಿ ಸೂತ್ರ ಕೊಟ್ಟಾಗ ಪರದೆಯ ಮೇಲೆ ಡೆಲ್ಟಾ ಇ, ಅಂದರೆ ಎರಡು ಬಣ್ಣಗಳ ನಡುವಿನ ವ್ಯತ್ಯಾಸದ ಅಂಕಿ, ಎಷ್ಟು ಬಂದಿದೆ ಕೇಳಿ. 1ರ ಒಳಗಿದ್ದರೆ ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. 2 ದಾಟಿದರೆ ತಿಳಿಯುತ್ತದೆ.

ಆ ಅಂಕಿ ಚೆನ್ನಾಗಿದ್ದರೂ ಒಂದು ಅಪಾಯ ಉಳಿದಿರುತ್ತದೆ. ಯಂತ್ರ ಹೊಂದಿಸುವುದು ಹಗಲು ಬೆಳಕಿನ ಲೆಕ್ಕಕ್ಕೆ. ಒಂದೇ ಬಣ್ಣವನ್ನು ಬೇರೆ ಬೇರೆ ಕಲರೆಂಟ್‌ಗಳಿಂದ ಕಟ್ಟಬಹುದು: ಥ್ಯಾಲೋ ನೀಲಿ ಮತ್ತು ಕಪ್ಪಿನಿಂದ, ಅಥವಾ ಅವಕ್ಕೆ ನೇರಳೆಯೋ ಕೆಂಪು ಆಕ್ಸೈಡೋ ಸೇರಿಸಿ. ಹಗಲಲ್ಲಿ ಒಂದೇ ಥರ ಕಾಣುವ ಇವು ಹಳದಿ ಬಲ್ಬಿನ ಕೆಳಗೆ ಬೇರೆಯಾಗುತ್ತವೆ. ನೇರಳೆ ಹೆಚ್ಚು ಬಿದ್ದ ಮಿಶ್ರಣ ರಾತ್ರಿ ಬದನೆಕಾಯಿ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ದೊಡ್ಡ ಡಬ್ಬ ಮಾಡಿಸುವ ಮೊದಲು ಚಿಕ್ಕ ಸ್ಯಾಂಪಲ್ ಮಾಡಿಸಿ, ಒಣಗಿದ ಮೇಲೆ ಅಸಲಿ ಚಿಪ್ಪನ್ನು ಪಕ್ಕದಲ್ಲಿಟ್ಟು ಬಿಸಿಲಲ್ಲಿ, ಬಿಳಿ ಎಲ್‌ಇಡಿಯಲ್ಲಿ, ಹಳದಿ ಎಲ್‌ಇಡಿಯಲ್ಲಿ ನೋಡಿ. ಮೂರರಲ್ಲೂ ಹೊಂದಿದರೆ ಆ ಸೂತ್ರ ನಂಬಬಹುದು. ಇಲ್ಲವೆಂದರೆ ಬೇರೆ ಸೂತ್ರ ಕೇಳಿ, ಸಾಮಾನ್ಯವಾಗಿ ಸಾಫ್ಟ್‌ವೇರ್ ಒಂದಕ್ಕಿಂತ ಹೆಚ್ಚು ಆಯ್ಕೆ ಕೊಡುತ್ತದೆ.

ಬೇಸ್ ಯಾವುದು ಹಾಕುತ್ತಿದ್ದಾರೆ ನೋಡಿಕೊಳ್ಳಿ. ಕಡು ಬಣ್ಣಕ್ಕೆ ಬಿಳಿ ಪಿಗ್ಮೆಂಟ್ ಇಲ್ಲದ, ಅಥವಾ ತೀರಾ ಕಡಿಮೆ ಇರುವ ಡೀಪ್ ಬೇಸ್ ಬೇಕು. ಬಿಳಿ ಬೇಸಿನಲ್ಲಿ ಎಷ್ಟೇ ಕಲರೆಂಟ್ ಸುರಿದರೂ ನೇವಲ್ ಬರುವುದಿಲ್ಲ, ಮಾಸಲು ನೀಲಿಯೇ ಬರುವುದು. ಡೀಪ್ ಬೇಸಿನ ಡಬ್ಬದಲ್ಲಿ ಕಲರೆಂಟಿಗೆಂದು ಜಾಗ ಬಿಟ್ಟಿರುತ್ತಾರೆ, ಮೇಲೆ ಖಾಲಿ ಕಂಡರೆ ಮೋಸವೆಂದು ತಿಳಿಯಬೇಕಿಲ್ಲ.

ಹಲಗೆಯ ಪರೀಕ್ಷೆಗೆ ಎರಡಡಿ ಚೌಕದ ಪ್ಲೈವುಡ್ ಅಥವಾ ಎಂಡಿಎಫ್ ಸಾಕು. ಬೂದಿ ಪ್ರೈಮರ್ ಒಂದು ಕೋಟು, ಮೇಲೆ ಬಣ್ಣ ಎರಡೋ ಮೂರೋ ಕೋಟು, ಅಂಚಿನವರೆಗೂ ಬಳಿಯಿರಿ. ಸುತ್ತ ಬಿಳಿ ಅಂಚು ಉಳಿದರೆ ಬಣ್ಣ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ. ಇನ್ನೂ ಮುಖ್ಯವಾದದ್ದು: ಎರಡು ಹಲಗೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ ತೀರ್ಮಾನಿಸಬೇಡಿ. ಅಕ್ಕಪಕ್ಕ ಇದ್ದಾಗ ನೇವಲ್‌ನಿಂದಾಗಿ ಹೇಲ್ ನೇವಿ ಬರೀ ಬೂದಿಯಾಗಿಯೂ, ಹೇಲ್ ನೇವಿಯಿಂದಾಗಿ ನೇವಲ್ ಅತಿ ನೀಲಿಯಾಗಿಯೂ ಕಾಣುತ್ತದೆ. ನಿಮ್ಮ ಗೋಡೆಯ ಮೇಲೆ ಇರುವುದು ಒಂದೇ ಬಣ್ಣ. ಒಂದನ್ನು ಒಳಗಿಟ್ಟು ಇನ್ನೊಂದನ್ನು ಬೆಳಗ್ಗೆ, ಮಧ್ಯಾಹ್ನ, ಸಂಜೆ, ಲೈಟ್ ಹಾಕಿದ ಮೇಲೆ ನೋಡಿ. ಮರುದಿನ ಅದಲು ಬದಲು ಮಾಡಿ. ಹಲಗೆಯನ್ನು ನೆಲದ ಮೇಲೆ ಮಲಗಿಸದೆ ಗೋಡೆಗೆ ಒರಗಿಸಿ, ಕಣ್ಣಿನ ಮಟ್ಟಕ್ಕೆ ಇದ್ದರೆ ಒಳ್ಳೆಯದು.

ಬಳಿಯುವ ಕೆಲಸದಲ್ಲಿ ಇಬ್ಬರ ಸ್ವಭಾವವೂ ಬೇರೆ. ಹೇಲ್ ನೇವಿಯಲ್ಲಿ ಬಿಳಿ ಸ್ವಲ್ಪ ಹೆಚ್ಚಿರುವುದರಿಂದ ಕೆಳಗಿನದನ್ನು ಚೆನ್ನಾಗಿ ಮುಚ್ಚುತ್ತದೆ. ಬೂದಿ ಪ್ರೈಮರಿನ ಮೇಲೆ ಎರಡು ಕೋಟಿಗೆ ಸಮನಾಯಿತು. ನೇವಲ್‌ಗೆ ಮೂರನೇ ಕೋಟು ಬೇಕಾಗುವುದೇ ಹೆಚ್ಚು. ಬಿಳಿ ಪ್ರೈಮರಿನ ಮೇಲೆ ಬಳಿದರೆ ಮೂರೂ ಸಾಲದೆ ರೋಲರ್ ತಿರುಗಿದ ಕಡೆಯೆಲ್ಲ ಮೋಡ ಮೋಡವಾಗಿ ಕಾಣುತ್ತದೆ. ಬೂದಿ ಪ್ರೈಮರ್ ಮಾಡುವುದು ಸುಲಭ: 1 ಲೀಟರ್ ವಾಟರ್ ಪ್ರೈಮರಿಗೆ 20ರಿಂದ 30 ಮಿಲಿ ಕಪ್ಪು ಸ್ಟೇನರ್ (ಪೇಂಟಿಗೆ ಬೆರೆಸುವ ಗಾಢ ಬಣ್ಣ), ಚೆನ್ನಾಗಿ ಕಲಕಿ, ಸೋಸಿ. ಇನ್ನೂ ಕಪ್ಪಾಗಲಿ ಎಂದು ಸ್ಟೇನರ್ ಹೆಚ್ಚು ಸುರಿದರೆ ಪ್ರೈಮರ್ ಹಿಡಿತ ಕಳೆದುಕೊಳ್ಳುತ್ತದೆ.

ಪ್ರಮಾಣದ ಲೆಕ್ಕ: 12 ಅಡಿ ಅಗಲ, 10 ಅಡಿ ಎತ್ತರದ ಗೋಡೆ ಎಂದರೆ 120 ಚದರಡಿ. ಒಳ್ಳೆಯ ಇಂಟೀರಿಯರ್ ಎಮಲ್ಷನ್ ಲೀಟರಿಗೆ ಎರಡು ಕೋಟು ಸುಮಾರು 120ರಿಂದ 140 ಚದರಡಿ ಬರುತ್ತದೆ, ಮೂರು ಕೋಟಾದರೆ 80ರಿಂದ 90. ಹೇಲ್ ನೇವಿಗೆ 1 ಲೀಟರ್ ಲೆಕ್ಕದಲ್ಲಿ ಸಾಲುತ್ತದೆ, ಕೈಯಲ್ಲಿ ಸಾಲುವುದಿಲ್ಲ, ರೋಲರೂ ಟ್ರೇಯೂ ಕುಡಿಯುವುದು ಇರುತ್ತದೆ. ನೇವಲ್‌ಗೆ ಒಂದೂವರೆ ಲೀಟರ್ ಬೇಕು. ಎರಡಕ್ಕೂ 1 ಲೀಟರಿನ ಎರಡು ಡಬ್ಬ ಒಂದೇ ದಿನ, ಒಂದೇ ಮಷೀನಿನಲ್ಲಿ ಮಾಡಿಸಿ, ಬಳಿಯುವ ಮೊದಲು ಎರಡನ್ನೂ ಒಂದೇ ಬಕೆಟಿಗೆ ಸುರಿದು ಕಲಸಿಬಿಡಿ. ಕಡು ಬಣ್ಣದಲ್ಲಿ ಕಲರೆಂಟ್ ಪ್ರಮಾಣ ದೊಡ್ಡದಾದ್ದರಿಂದ ಡಬ್ಬದಿಂದ ಡಬ್ಬಕ್ಕೆ ಚೂರು ವ್ಯತ್ಯಾಸ ಬಂದರೂ ಗೋಡೆಯ ಮಧ್ಯದಲ್ಲಿ ಗೆರೆ ಎಳೆದಂತೆ ಕಾಣುತ್ತದೆ. ನೀರನ್ನು ಅಂದಾಜಿಗೆ ಸುರಿಯಲು ಬಿಡಬೇಡಿ. ಡಬ್ಬದ ಮೇಲಿನ ಪ್ರಮಾಣವನ್ನು ಅಳತೆಯ ಮಗ್ಗಿನಲ್ಲಿ ಹಾಕಿಸಿ, ಎಲ್ಲ ಬಕೆಟಿಗೂ ಒಂದೇ ಅಳತೆ.

ಗೋಡೆಯ ತಯಾರಿಯಲ್ಲಿ ತಿಳಿ ಬಣ್ಣ ಕ್ಷಮಿಸುವುದನ್ನೆಲ್ಲ ಕಡುನೀಲಿ ಎತ್ತಿ ತೋರಿಸುತ್ತದೆ. ಪುಟ್ಟಿ ಎರಡು ಕೈ ಹಾಕಿಸಿ, 120 ನಂಬರ್ ಎಮರಿ ಕಾಗದದಿಂದ ಒಮ್ಮೆ, 220ರಿಂದ ಇನ್ನೊಮ್ಮೆ ಉಜ್ಜಿಸಿ, ಕತ್ತಲಲ್ಲಿ ಗೋಡೆಗೆ ಒರಗಿಸಿ ಟಾರ್ಚ್ ಹಿಡಿದು ಉಬ್ಬು ತಗ್ಗು ನೋಡಿ. ಉಜ್ಜಿದ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸದೆ ಪ್ರೈಮರ್ ಹಾಕಿದರೆ ನೀಲಿಯ ಮೇಲೆ ಬಿಳಿ ಚುಕ್ಕೆ ಏಳುತ್ತದೆ. ಸಂಪ್ ಅಥವಾ ಬಾತ್‌ರೂಮಿನ ಪಕ್ಕದ ಗೋಡೆಯಾದರೆ ತೇವದ ಪರೀಕ್ಷೆ ಬೇಕೇ ಬೇಕು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಟೇಪ್ ಹಾಕಿ ಅಂಟಿಸಿ, 16 ಗಂಟೆ ಬಿಟ್ಟು ತೆಗೆಯಿರಿ. ಒಳಗೆ ಹನಿ ಕಟ್ಟಿದ್ದರೆ, ಗೋಡೆ ಕಪ್ಪಾಗಿದ್ದರೆ, ಆ ಗೋಡೆಗೆ ಎರಡರಲ್ಲಿ ಯಾವುದೂ ಬೇಡ. ಮೊದಲು ಸೋರಿಕೆ ನಿಲ್ಲಿಸಿ. ತೇವದ ಜೊತೆ ಹೊರಗೆ ಬರುವ ಉಪ್ಪು ಕ್ರೀಮ್ ಗೋಡೆಯಲ್ಲಿ ಕಾಣದೆ ಹೋಗಬಹುದು, ಕಡುನೀಲಿಯಲ್ಲಿ ಸುಣ್ಣ ಎರಚಿದಂತೆ ಕಾಣುತ್ತದೆ.

ಮಳೆಗಾಲದಲ್ಲಿ ಬಳಿಸುವುದಾದರೆ ಕೋಟುಗಳ ನಡುವೆ 4 ಗಂಟೆ ಸಾಲದು, ಒಂದು ರಾತ್ರಿ ಬಿಡಿ. ಕಲರೆಂಟಿನಲ್ಲಿರುವ ಗ್ಲೈಕಾಲ್, ಸೋಪಿನಂಥ ಪದಾರ್ಥಗಳು ಕಡು ಬಣ್ಣದಲ್ಲಿ ಜಾಸ್ತಿ. ಅವು ನಿಧಾನವಾಗಿ ಆರುತ್ತವೆ. ಹೊಸ ಬಣ್ಣದ ಮೇಲೆ ತೇವ ಕೂತರೆ ಇವು ಮೇಲಕ್ಕೆ ಬಂದು ಕಂದು ಬಣ್ಣದ ಅಂಟು ಗೆರೆಗಳಾಗಿ ಇಳಿಯುತ್ತವೆ. ಬೆದರಬೇಕಿಲ್ಲ, ಬಣ್ಣ ಪೂರ್ತಿ ಒಣಗಿದ ಮೇಲೆ ಬರೀ ನೀರಿನ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ನೇವಲ್‌ನಲ್ಲಿ ಕಲರೆಂಟ್ ಹೆಚ್ಚಾದ್ದರಿಂದ ಇದೂ ಹೆಚ್ಚು. ಬಾತ್‌ರೂಮಿನ ಹೊರಗೋಡೆಗೆ, ವಾಷಿಂಗ್ ಮಷೀನ್ ಮೂಲೆಗೆ ನಾವು ಹೇಲ್ ನೇವಿಯನ್ನೇ ಹೇಳುವುದು ಈ ಕಾರಣಕ್ಕೆ.

ರೋಲರ್ ಒಂದೇ ಗುಕ್ಕಿನಲ್ಲಿ ಗೋಡೆ ಮುಗಿಸಬೇಕು. ಅಂಚನ್ನು ಬ್ರಷ್‌ನಲ್ಲಿ ಎಳೆದು, ಅದು ಒಣಗುವ ಮೊದಲೇ ರೋಲರ್ ಅದರ ಮೇಲೆ ಹೋಗಬೇಕು. ಮೇಸ್ತ್ರಿ ನಾಲ್ಕೂ ಅಂಚು ಬಳಿದು ಕಾಫಿಗೆ ಹೋಗಿ ಬಂದರೆ ಗೋಡೆಗೆ ಫೋಟೋ ಫ್ರೇಮ್ ಹಾಕಿದಂತೆ ಅಂಚು ಕಪ್ಪಾಗಿ ಉಳಿಯುತ್ತದೆ. ಸೀಲಿಂಗ್ ಗೆರೆ ನೇರ ಬರಲು: ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಅಂಚಿಗೆ ಮೊದಲು ಸೀಲಿಂಗಿನ ಬಿಳಿಯನ್ನೇ ತೆಳ್ಳಗೆ ಬಳಿಯಿರಿ. ಟೇಪಿನ ಅಡಿಯ ಸಂದು ಮುಚ್ಚಿಹೋಗುತ್ತದೆ. ಒಣಗಿದ ಮೇಲೆ ನೀಲಿ. ಕೊನೆಯ ಕೋಟು ಇನ್ನೂ ಹಸಿ ಇರುವಾಗ ಟೇಪ್ ಕೀಳಿ.

ಮ್ಯಾಟ್ (ಹೊಳಪಿಲ್ಲದ್ದು) ಬೇಕೋ ಶೀನ್ (ತುಸು ಹೊಳೆಯುವುದು) ಬೇಕೋ ಎಂಬುದು ಬಣ್ಣದ ಆಯ್ಕೆಯಷ್ಟೇ ದೊಡ್ಡದು. ಮ್ಯಾಟ್‌ನಲ್ಲಿ ಗೋಡೆಯ ಏರಿಳಿತ ಮುಚ್ಚುತ್ತದೆ, ಆದರೆ ಕೈ, ಭುಜ, ಕುರ್ಚಿಯ ಬೆನ್ನು ತಾಗಿದ ಕಡೆ ಹೊಳಪು ಬರುತ್ತದೆ, ಉಗುರು ಎಳೆದರೆ ಬಿಳಿ ಗೆರೆ. ನೇವಲ್ ಮ್ಯಾಟ್‌ನಲ್ಲಿ ಇದು ಎದ್ದು ಕಾಣುತ್ತದೆ, ಹೇಲ್ ನೇವಿಯ ಬೂದಿ ಒಂದಷ್ಟು ಅಡಗಿಸುತ್ತದೆ. ರಸ್ತೆ ಧೂಳು ಬರುವ ಕೋಣೆಯಲ್ಲೂ ಇದೇ ಮಾತು. ಹಾದಿಯಲ್ಲಿರುವ ಗೋಡೆ, ಮಕ್ಕಳ ಕೋಣೆಗೆ ಕಡಿಮೆ ಹೊಳಪಿನ ಶೀನ್ ಒಳ್ಳೆಯದು, ಕಿಟಕಿಯ ಬೆಳಕು ಓರೆಯಾಗಿ ಬೀಳುವ ಗೋಡೆಗೆ ಮಾತ್ರ ಬೇಡ. ಶೀನ್‌ನಲ್ಲಿ ಬಣ್ಣ ಇನ್ನೊಂದು ಮೆಟ್ಟಿಲು ಕಪ್ಪಾಗಿ ಕಾಣುವುದರಿಂದ ಹೇಲ್ ನೇವಿ ಶೀನ್ ಮತ್ತು ನೇವಲ್ ಮ್ಯಾಟ್ ಬಹಳ ಹತ್ತಿರ ಬರುತ್ತವೆ. ಎರಡರ ನಡುವೆ ತೊಳಲಾಡುತ್ತಿರುವವರು ಇದನ್ನೂ ಒಂದು ಹಲಗೆಯಲ್ಲಿ ನೋಡಬೇಕು.

ಅಡುಗೆಮನೆಯ ಕ್ಯಾಬಿನೆಟ್ಟಿಗೆ ಎಮಲ್ಷನ್ ಬೇಡ, ಪಿಯು (ಪಾಲಿಯುರೆಥೇನ್) ಫಿನಿಷ್ ಮಾಡಿಸಿ. ಅಲ್ಲಿ ಅರಿಶಿನದ ಕಲೆಗಿಂತ ಕಾಟ ಕೊಡುವುದು ರಾಗಿ ಹಿಟ್ಟು, ಬೆರಳಿನ ಜಿಡ್ಡು ಮತ್ತು ಬೋರ್‌ವೆಲ್ ನೀರಿನ ಬಿಳಿ ಚುಕ್ಕೆ. ಸಿಂಕಿನ ಪಕ್ಕದ ಬಾಗಿಲುಗಳನ್ನು ಆರ್‌ಓ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಚುಕ್ಕೆ ಉಳಿಯುವುದಿಲ್ಲ. ಇಲ್ಲಿಯೂ ಹೇಲ್ ನೇವಿ ಸಾಕುವುದು ಸುಲಭ. ದೇವರಮನೆಗೆ ನೇವಲ್ ಹಿತ್ತಾಳೆಯ ಜೊತೆ ಸೊಗಸಾದರೂ ದೀಪದ ಹಿಂದಿನ ಗೋಡೆಗೆ ಮ್ಯಾಟ್ ಹಾಕಿಸಬೇಡಿ. ಮಸಿ ಒರೆಸಲು ಹೋದರೆ ಹೊಳಪಿನ ತೇಪೆ ಉಳಿಯುತ್ತದೆ.

ಮನೆಯ ಹೊರಗೋಡೆಗೆ, ಅದರಲ್ಲೂ ಪಶ್ಚಿಮದ ಗೋಡೆಗೆ, ಇಷ್ಟು ಕಡು ಬಣ್ಣ ಬೇಡ. ಬಿಸಿಲು ಹೀರಿ ಒಳಗೆ ಸೆಖೆ ತರುತ್ತದೆ, ಗೋಡೆ ಹಿಗ್ಗಿ ಕುಗ್ಗಿ ಕೂದಲೆಳೆ ಬಿರುಕು ಬೇಗ ಕಾಣುತ್ತದೆ. ಕಿಟಕಿ ಗ್ರಿಲ್, ಗೇಟುಗಳಿಗೆ ರೆಡಿ ಸಿಗುವ ಆಕ್ಸ್‌ಫರ್ಡ್ ಬ್ಲೂ ಎನಾಮೆಲ್ ಸಾಕು. ಅದು ನೇವಲ್‌ನ ಜೊತೆಗೆ ಸರಿಹೋಗುತ್ತದೆ, ಹೇಲ್ ನೇವಿಯ ಪಕ್ಕ ಸ್ವಲ್ಪ ಗಾಢವೆನಿಸಬಹುದು.

ಕೆಲಸ ಮುಗಿದ ಮೇಲೆ ಉಳಿದ ಬಣ್ಣದಲ್ಲಿ, ನೀರು ಬೆರೆಸದ್ದನ್ನೇ, ಒಂದು ಗಾಜಿನ ಬಾಟಲಿಯ ಕುತ್ತಿಗೆಯವರೆಗೂ ತುಂಬಿ ಮುಚ್ಚಿಡಿ. ಡಬ್ಬದ ಮುಚ್ಚಳದ ಮೇಲೆ ಅಂಗಡಿಯವರು ಅಂಟಿಸಿದ ಚೀಟಿಯಲ್ಲಿ ಬೇಸ್ ಮತ್ತು ಕಲರೆಂಟ್‌ಗಳ ಪ್ರಮಾಣ ಇರುತ್ತದೆ, ಅದರ ಫೋಟೋ ತೆಗೆದುಕೊಳ್ಳಿ. ಮೊಳೆ ಹೊಡೆದ ತೂತಿನಲ್ಲಿ ಬಿಳಿ ಪ್ಲಾಸ್ಟರ್ ಇಣುಕಿದಾಗ ಬೂದಿ ಪ್ರೈಮರಿನ ಚುಕ್ಕೆ ಇಟ್ಟು, ಒಣಗಿದ ಮೇಲೆ ಚಿಕ್ಕ ರೋಲರಿನಿಂದ ತೇಪೆ ಹಾಕಿ. ಬ್ರಷ್ ಬಳಸಿದರೆ ಕಲೆ ಉಳಿಯುತ್ತದೆ. ನೇವಲ್ ಶೀನ್ ಆಗಿದ್ದರೆ ತೇಪೆ ಹೇಗೂ ಕಾಣುತ್ತದೆ, ಮೂಲೆಯಿಂದ ಮೂಲೆಗೆ ಆ ಗೋಡೆಯನ್ನು ಪೂರ್ತಿ ಒಂದು ಕೋಟು ಬಳಿಯಬೇಕಾಗುತ್ತದೆ.